ಎಡಗಡೆಯ ಮೂಲೆ

ಗ್ಯುಮ್ರಿಯ ಹಳೆ ಟ್ರಾಮ್ ಡಿಪೋ ಹಿಂದಿನ ಚಿತ್ರಮಂದಿರದಲ್ಲಿ
ಟಿಕೆಟ್ ಹರಿಯುವವಳು ನಾನು, ಹ್ರಾನುಷ್.
ಅರ್ಧ ಅವರ ಕೈಗೆ, ಅರ್ಧ ನನ್ನ ಡಬ್ಬಿಗೆ.
ಆಟ ಮುಗಿದ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡಿಸುವವಳೂ ನಾನೇ.
ಯಾವ ಕುರ್ಚಿಯಲ್ಲಿ ಯಾರು ಅತ್ತರೆಂದು
ಸಿಪ್ಪೆ ನೋಡಿಯೇ ಹೇಳಬಲ್ಲೆ:
ಅಳುವವರು ತಿನ್ನುವುದಿಲ್ಲ.

ಆ ಚಳಿಗಾಲ ಬಂದದ್ದು ಯಾವುದೋ ದೇಶದ ಕಪ್ಪುಬಿಳುಪು ಚಿತ್ರ.
ರೈಲು ನಿಲ್ದಾಣ, ಹೊಗೆ, ಅಗಲುವ ಇಬ್ಬರು,
ಅವಳ ಟೋಪಿಯಲ್ಲೊಂದು ಗರಿ.
ಊರಿಗೆ ಊರೇ ಆ ಗರಿಗೆ ಮರುಳಾಯಿತು.
ಬೂಟು ಹೊಲಿಯುವ ಸೆರೋಬ್ ಏಳು ಸಂಜೆ ಬಂದ.
ಏಳು ಸಲವೂ ಅದೇ ಮುರುಕು ಕುರ್ಚಿ, ಅದೇ ಅಂಟಿನ ವಾಸನೆ.
ಅರವತ್ತು ದಾಟಿದವನಿಗೆ ಇದೆಂಥ ಹುಚ್ಚೋ
ಅಂತ ನಕ್ಕೆ.

"ಗರಿಯಲ್ಲ, ಹ್ರಾನುಷ್," ಅಂದ.
"ಅವರ ಬೆನ್ನ ಹಿಂದೆ ನೋಡು. ಎಡಗಡೆಯ ಮೂಲೆ."

ನೋಡಿದೆ.
ಮುದುಕಿಯೊಬ್ಬಳ ಗಂಟು ಬಿಚ್ಚಿ ಈರುಳ್ಳಿ ಉರುಳುತ್ತವೆ.
ಗಡಿಬಿಡಿಯ ಮನುಷ್ಯನೊಬ್ಬ ದಾಟಿ ಹೋಗುತ್ತಾನೆ.
ನಾಲ್ಕು ಹೆಜ್ಜೆ.
ನಿಲ್ಲುತ್ತಾನೆ. ತಿರುಗಿ ಬರುತ್ತಾನೆ.
ಮೊಣಕಾಲೂರಿ ಒಂದೊಂದೇ ಹೆಕ್ಕುತ್ತಾನೆ.
ಅವನಿಗೆ ಹೆಸರಿಲ್ಲ, ಮಾತಿಲ್ಲ,
ಸರಿಯಾಗಿ ಮುಖವೂ ಇಲ್ಲ.
ಮುಂದೆ ನಾಯಕ ಪ್ರೀತಿ, ತ್ಯಾಗ, ಏನೇನೋ ಹೇಳುತ್ತಲೇ ಇದ್ದ.
ಯಾರಿಗೆ ಕೇಳಿಸಿತು?

ಹೊರಗೆ ಹಿಮ. ಸೆರೋಬ್ ಸಿಗರೇಟು ಹಚ್ಚಲು ಹೋಗಿ
ಮೂರು ಕಡ್ಡಿ ಹಾಳು ಮಾಡಿದ.

"ಆ ಡಿಸೆಂಬರ್, ಹನ್ನೊಂದು ನಲವತ್ತೊಂದು.
ನೆಲ ನಡುಗಿ ನಿಂತಿತ್ತು. ಮಗಳ ಶಾಲೆಗೆ ಓಡುತ್ತಿದ್ದೆ.
ಬೀದಿಯೇ ಇರಲಿಲ್ಲ, ಬರೀ ಕಲ್ಲು, ಧೂಳು.
ಯಾವುದೋ ಮೆಟ್ಟಿಲ ಕೆಳಗಿಂದ ಒಂದು ದನಿ.
ಅಣ್ಣಾ ಅಂತು.
ನಿಲ್ಲಲಿಲ್ಲ ನಾನು.
ಮಗಳು ಸಿಕ್ಕಳು. ಮೈಮೇಲೆ ಗೀರೂ ಇಲ್ಲ.
ಈಗ ಅವಳಿಗೆ ಮೂರು ಮಕ್ಕಳು.
ಸಂಜೆ ಮರಳಿ ಬಂದಾಗ ಮೆಟ್ಟಿಲು ಸುಮ್ಮನಿತ್ತು.

ತಪ್ಪು ಅನ್ನಲೇ? ನಾಳೆ ಮತ್ತೆ ನಡುಗಿದರೆ
ಮತ್ತೆ ಹಾಗೇ ಓಡುತ್ತೇನೆ.
ಸರಿ ಅನ್ನಲೇ? ಬಾಯಿ ಬರುವುದಿಲ್ಲ.
ಇವನು ಮಾತ್ರ, ಈ ಮೂಲೆಯವನು,
ದಿನಾ ಸಂಜೆ ತಿರುಗಿ ಬರುತ್ತಾನಲ್ಲ.
ಒಂದು ದಿನವೂ ತಪ್ಪಿಸಲಿಲ್ಲ."

ನನ್ನಲ್ಲಿ ಏನಿತ್ತು ಹೇಳಲು?
ನಿರ್ದೇಶಕ ತಿರುಗೆಂದಿದ್ದನೋ,
ಈರುಳ್ಳಿ ನಿಜಕ್ಕೂ ಚೆಲ್ಲಿ, ಬಾಡಿಗೆಗೆ ಬಂದ ಬಡಪಾಯಿ
ಕ್ಯಾಮೆರಾ ಮರೆತು ಬಗ್ಗಿದ್ದನೋ.
ಕೂಲಿ ಕೊಟ್ಟರೋ, ಬೈದು ಕಳಿಸಿದರೋ.

ಏಳನೆಯ ಸಂಜೆ ಮೇಲಿನ ಗೂಡಿಗೆ ಹತ್ತಿ
ಆಪರೇಟರನ ತೋಳು ಹಿಡಿದ:
ಅಲ್ಲಿ, ಅವನು ಬಗ್ಗಿದಾಗ, ಒಂದು ಗಳಿಗೆ ನಿಲ್ಲಿಸು.
"ನಿಲ್ಲಿಸಿದರೆ ಸುಟ್ಟುಹೋಗುತ್ತೆ ಮಾರಾಯ," ಅಂದ ಆಪರೇಟರ್.
"ದೀಪದೆದುರು ಯಾವ ಚಿತ್ರವೂ ನಿಂತು ಉಳಿಯೋದಿಲ್ಲ."
ಸುರುಳಿ ಓಡಿತು. ಅವನು ಬಗ್ಗಿದ, ಎದ್ದ,
ರೈಲಿನ ಹೊಗೆ ಎಲ್ಲವನ್ನೂ ಒರೆಸಿತು.
ಮರುದಿನ ಡಬ್ಬಿ ವಾನಾಜೋರ್ ಬಸ್ಸು ಹತ್ತಿತು.

ಈಸ್ಟರಿಗೆ ಮುಂಚೆ ಇಗರ್ಜಿಯಲ್ಲಿ ಕಂಡ.
ಸತ್ತವರಿಗಾಗಿ ಪ್ರಾರ್ಥನೆಯ ಸಾಲು.
ಪಾದ್ರಿ ಒಬ್ಬೊಬ್ಬರನ್ನೇ ಕೇಳಿ ಚೀಟಿಯಲ್ಲಿ ಬರೆಯುತ್ತಾರೆ: ಹೆಸರು?
ವರ್ಷಗಟ್ಟಲೆ ಆ ಪ್ರಶ್ನೆ ಹತ್ತಿರ ಬಂದಾಗೆಲ್ಲ
ಸಾಲು ಬಿಟ್ಟು ಹೋಗುತ್ತಿದ್ದನಂತೆ.
ಅವತ್ತೂ ಹೊರಟ. ಬಾಗಿಲ ತನಕ ಹೋದ.
ಎಣಿಸಲಿಲ್ಲ ನಾನು, ನಾಲ್ಕೋ ಐದೋ ಹೆಜ್ಜೆ.

ತಿರುಗಿ ಬಂದ.

"ಹೆಸರು ಗೊತ್ತಿಲ್ಲ, ತಂದೆ.
ಮೆಟ್ಟಿಲ ಕೆಳಗಿನವರು ಅಂತ ಬರೆದುಕೊಳ್ಳಿ."
ಪೆನ್ನು ಒಂದು ಕ್ಷಣ ತಡೆಯಿತು.
ಆಮೇಲೆ ಬರೆಯಿತು.

ಈಗಲೂ ಟಿಕೆಟ್ ಹರಿಯುತ್ತೇನೆ.
ನಾಯಕ ಯಾರೆಂದು ಕೇಳಿದರೆ ತಡಬಡಿಸುತ್ತೇನೆ.
ಕತೆ ಅರ್ಧವೂ ತಲೆಗೆ ಹತ್ತುವುದಿಲ್ಲ,
ಕಣ್ಣೆಲ್ಲ ಮೂಲೆಯಲ್ಲಿ.
ಮೊನ್ನೆ ಗುಡಿಸುವಾಗ ಆ ಮುರುಕು ಕುರ್ಚಿ ಕಂಡು
ಯಾಕೋ, ಒರೆಸಿದೆ.
ಅದರ ಕೆಳಗೆ ಒಂದು ಸಿಪ್ಪೆಯೂ ಇರಲಿಲ್ಲ.