ಬೆರಳು ಕಂಡದ್ದು

ಮುನ್ನೂರು ರೂಪಾಯಿ ಕೊಡ್ತಾರಂತೆ, ಸುಮ್ಮನೆ ಕೂತು
ಬಾಣ ಎಡಕ್ಕಿದ್ದರೆ ಎಡದ ಗುಂಡಿ, ಬಲಕ್ಕಿದ್ದರೆ ಬಲದ್ದು
ಒತ್ತಬೇಕಂತೆ.
ನಗು ಬಂತು. ಬಾಣ ನನಗೆ ಹೊಸದಲ್ಲ.
ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷದಿಂದ
ಅಂಗಿಗಳ ತಪ್ಪಿನ ಪಕ್ಕ ಅಂಟಿಸುತ್ತೇನೆ
ಅಕ್ಕಿಕಾಳಷ್ಟು ಕೆಂಪು ಬಾಣ:
ಬಿಟ್ಟ ಹೊಲಿಗೆ, ಎಣ್ಣೆಕಲೆ, ಸೊಟ್ಟ ಕಾಲರ್.
ಗಂಟೆಗೆ ಎಂಬತ್ತು ಅಂಗಿ.

ಕತ್ತಲೆ ಕೋಣೆ. ಗದ್ದಕ್ಕೊಂದು ಆನಿಕೆ.
ನಡುವಿನ ಚುಕ್ಕೆ ಬಿಟ್ಟು ಕಣ್ಣು ಕದಲಿಸಬೇಡಿ ಅಂದಳು
ಶಮಂತಾ ಅನ್ನುವ ಹುಡುಗಿ,
ಬಿಳಿ ಕೋಟಿನ ಜೇಬಲ್ಲಿ ಕಡ್ಲೆಮಿಠಾಯಿ.
ಎಡ. ಬಲ. ಬಲ. ಎಡ.
ಆರುನೂರು ಸಲ.

ಮುಗಿದ ಮೇಲೆ ಕೇಳಿದಳು:
"ಬಾಣ ಬಿಟ್ಟು ಬೇರೇನಾದರೂ ಕಂಡಿತಾ?"
ಇಲ್ಲ.
"ಮೂಲೆಯಲ್ಲಿ? ಬೆಳ್ಳಗೆ, ಒಂದು ಚೌಕ?"
ಆಣೆಗೂ ಇಲ್ಲ.
ಪರದೆ ತಿರುಗಿಸಿ ಗೀಟುಗಳನ್ನು ತೋರಿಸಿದಳು.
ಅರ್ಧಕ್ಕರ್ಧ ಸಲ ಬಂದಿತ್ತಂತೆ ಚೌಕ,
ರೆಪ್ಪೆ ಬಡಿಯುವುದರೊಳಗೆ ಬಂದು ಹೋಗಿತ್ತಂತೆ.
ಬಂದಾಗೆಲ್ಲ ನನ್ನ ಬೆರಳು
ಕೂದಲೆಳೆಯಷ್ಟು ತಡ.
ನಾಲ್ಕೈದು ಸಲ ತಪ್ಪು ಗುಂಡಿಯೇ.
"ನೀವು ನೋಡಿಲ್ಲ ಅಕ್ಕಾ. ನಿಮ್ಮ ಬೆರಳು ನೋಡಿದೆ."

ಹೊಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ
ನೋಟು ಎರಡೆರಡು ಸಲ ಎಣಿಸಿದೆ.
ಮೇಲ್ಸೇತುವೆ, ಜಾಹೀರಾತು, ಹೆಲ್ಮೆಟ್ಟು, ಮತ್ತೆ ಹೆಲ್ಮೆಟ್ಟು.
ಕಂಡದ್ದಿಷ್ಟು.
ಕಾಣದೆ ಒಳಗೆ ಹತ್ತಿ ಕೂತದ್ದೆಷ್ಟೋ,
ದುಡ್ಡು ಕೊಡದೆ, ನನ್ನ ಹಾಗೆ.

ಹೋದ ಮಂಗಳವಾರ
ಹನ್ನೊಂದು ಅಂಗಿ ತಪ್ಪಿಸಿಕೊಂಡಿದ್ದವು ನನ್ನ ಮೇಜಿನಿಂದ.
"ಕಣ್ಣೆಲ್ಲಿತ್ತು ಜಯಶೀಲಮ್ಮಾ?" ಅಂದ ಸೂಪರ್‌ವೈಸರ್ ಮುನಿವೆಂಕಟ.
ಅಂಗಿ ಮೇಲೇ ಸಾರ್, ಅಂದೆ.
ಸುಳ್ಳಲ್ಲ.
ಎಡಗಡೆ, ಟ್ಯೂಬ್‌ಲೈಟಿನ ಕೆಳಗೆ,
ಪುಟ್ಟಲಿಂಗಿಯ ಸ್ಟೂಲು ಅವತ್ತು ಖಾಲಿ ಇತ್ತು.
ಹಿಂದಿನ ಸಂಜೆ ಲೆಕ್ಕ ಮುಗಿಸಿ ಕಳಿಸಿದ್ದರು ಅವಳನ್ನು.
ಸ್ಟೂಲಿಗೆ ಕಟ್ಟಿದ್ದ ಚಿಂದಿಯ ದಿಂಬು
ಬಿಚ್ಚಿಕೊಳ್ಳದೆ ಹೋಗಿದ್ದಳು.
ಆ ಕಡೆ ನಾನು ತಿರುಗಲೇ ಇಲ್ಲ ಇಡೀ ದಿನ.
ತಿರುಗಿ ನೋಡಿದ್ದರೆ ಒಂದು ನಿಮಿಷ ಹೋಗುತ್ತಿತ್ತೇನೋ.
ತಿರುಗದೆ, ಹನ್ನೊಂದು ಅಂಗಿ.

ರಿಜಿಸ್ಟರಿನಲ್ಲಿ ಕಾರಣ ಅನ್ನುವ ಕಾಲಮ್ಮು
ಇನ್ನೂ ಹಾಗೇ ಇದೆ, ನಾಳೆಯೊಳಗೆ ತುಂಬಬೇಕು.
ಸ್ಟೂಲು ಅಂತ ಬರೆದರೆ ನಗುತ್ತಾರೆ.

ಸಿಲ್ಕ್ ಬೋರ್ಡಿನಲ್ಲಿ ಬಸ್ಸು ನಿಂತೇ ಇತ್ತು.
ನನ್ನ ಸೆರಗಿಗೆ ಅಂಟಿಕೊಂಡು ಬಂದಿತ್ತೊಂದು ಕೆಂಪು ಬಾಣ,
ಯಾವಾಗಿನಿಂದಲೋ.
ಪಕ್ಕದ ಸೀಟಿನ ಮಗು, ಬಾಯಲ್ಲಿ ಬೆರಳಿಟ್ಟುಕೊಂಡು,
ಅದು ತೋರಿಸುವ ಕಡೆಗೇ
ಕತ್ತು ತಿರುಗಿಸಿ ಕೂತಿತ್ತು.