ಉಗುರಿನಳತೆ

ಮೊದಲ ಸಲ ಹೋದಾಗ ಸುಂಕ್ಲಮ್ಮ
ಕೇಳಿದ್ದು ಊರಲ್ಲ, ಹೆಸರಲ್ಲ,
‘ಇದನ್ನ ಎಷ್ಟು ಮಂದಿಗೆ ಕೊಡ್ತಿ?’ ಅಂತ.
‘ಯಾರಿಗೂ ಕೊಡಲ್ಲಮ್ಮ, ನೋಡ್ತೀನಿ ಅಷ್ಟೆ,
ಒಳಗೇನೈತೆ ಅಂತ.’
ನಕ್ಕಳು. ಸೆರಗಿನ ಗಂಟು ಬಿಚ್ಚಿ
ನೆರಳಲ್ಲಿ ಒಣಗಿಸಿ ಕುಟ್ಟಿದ ಎಲೆ
ಎರಡು ಬೊಗಸೆ ಸುರಿದಳು ನನ್ನ ಕಾಗದದ ಚೀಲಕ್ಕೆ.

ಚೀಟಿಯಲ್ಲಿ ಬರೆದೆ: ಆಡುಮುಟ್ಟದ ಬಳ್ಳಿ.
ಸ್ಥಳ: ಸಂಡೂರು, ಅದಿರು ದಾರಿಯ ಮೇಲಿನ ಗುಡ್ಡ.
ಉಪಯೋಗ: ಉಬ್ಬಸ.
ಪ್ರಮಾಣ:
ಅದೊಂದು ಖಾಲಿ ಬಿಟ್ಟೆ. ಬಸ್ಸಿನ ಹೊತ್ತಾಗಿತ್ತು.

ಬಳ್ಳಾರಿಯ ಲ್ಯಾಬು, ಏಪ್ರಿಲ್ ತಿಂಗಳು.
ಕರೆಂಟು ಹೋದರೆ ಸಾಕ್ಸ್‌ಲೆಟ್ಟಿನ ಗುಳುಗುಳು ನಿಂತು
ಮೆಥನಾಲು ತಣಿದು, ಮತ್ತೆ ಮೊದಲಿಂದ.
ಗಾಜಿನ ತಟ್ಟೆಯಲ್ಲಿ ಸೂಜಿಮೊನೆಯಷ್ಟು ರಸವಿಟ್ಟು ಕಾದೆ.
ಏರಿತು ಹಸಿರು, ಏರಿತು ಹಳದಿ,
ಬರಬೇಕಿದ್ದ ಕಿತ್ತಳೆ ಚುಕ್ಕೆ ಬರಲಿಲ್ಲ.
ಹದಿನಾಲ್ಕು ತಟ್ಟೆ. ಕುಲುಕಿದರೆ ಬರೀ ನೊರೆ.
ಮೇಡಂ ಕನ್ನಡಕದ ಮೇಲಿಂದ ನೋಡಿ,
‘ಹೂವಿಲ್ಲ, ಕಾಯಿಲ್ಲ, ಪುಡಿ ನಂಬಿ ಬಂದೆಯಾ ನಸ್ರೀನ್?’
ಸೂಕ್ಷ್ಮದರ್ಶಕದ ಕೆಳಗೆ ಪುಡಿ ತಾನೇ ಬಾಯಿಬಿಟ್ಟಿತು:
ಬೆಳ್ಳನೆ ಕೂದಲು, ಜೊಂಪೆಜೊಂಪೆ.
ಬಾರೆ ಎಲೆ.
ಆಡಿನ ಮೇವು.

ಸಿಟ್ಟಿನಲ್ಲೇ ಗುಡ್ಡ ಹತ್ತಿದೆ, ಬಾಯಿಗೆ ವೇಲು ಸುತ್ತಿ,
ಲಾರಿ ಎಬ್ಬಿಸಿದ ಕೆಂಧೂಳು ಹಲ್ಲಿಗೆಲ್ಲ ಹತ್ತಿ.
‘ಸುಳ್ಳು ಕೊಟ್ಟೆಯಲ್ಲಮ್ಮ.’
‘ಸುಳ್ಳಲ್ಲವ್ವ, ಬಾರೆ. ಬಾರೆ ತಿಂದು ಯಾರೂ ಸತ್ತಿಲ್ಲ.
ಅಳತೆ ಕೇಳದೆ ಬಸ್ಸಿಗೆ ಓಡಿದೋಳು ನೀನು;
ಅದನ್ನ ಕೊಟ್ಟಿದ್ರೆ
ಯಾರದೋ ಕರುಳು ಬಾಯಿಗೆ ಬರ್ತಿತ್ತು.’

ಅಷ್ಟರಲ್ಲಿ ಲಾರಿ ಕ್ಲೀನರೊಬ್ಬ ಮಗನನ್ನು ಹೊತ್ತು ತಂದ.
ಹುಡುಗನ ಎದೆಯಲ್ಲಿ ತೂತು ಬಿದ್ದ ತಿದಿ.
ಸುಂಕ್ಲಮ್ಮ ಬಂಡೆಸಂದಿಗೆ ಕೈ ಹಾಕಿ
ದಪ್ಪನೆಯ ಎಲೆಯೊಂದು ಕಿತ್ತು, ಧೂಳೊರೆಸಿ,
ಮೊದಲು ತನ್ನ ಆಡಿನ ಮೂಗಿಗೆ ಹಿಡಿದಳು.
ನನ್ನ ಚೀಲದ ಪಟ್ಟಿಯನ್ನೂ ಬಿಡದೆ ಮೆಲ್ಲುತ್ತಿದ್ದದ್ದು
ಮೂಸಿ, ಮುಖ ತಿರುಗಿಸಿತು.
‘ನೋಡು, ನನ್ನ ಲ್ಯಾಬು.’

ಆಮೇಲೆ ಹುಡುಗನ ಹೆಬ್ಬೆರಳು ಎಲೆ ಮೇಲೊತ್ತಿ
ಉಗುರಿನ ಸುತ್ತ ಗೀರಿ, ಅಷ್ಟನ್ನೇ ಹರಿದಳು.
‘ನನ್ನ ಉಗುರಿನಷ್ಟು ಇವನಿಗೆ ವಿಷ,
ಇವನ ಉಗುರಿನಷ್ಟು ನನಗೆ ಬರೇ ಸೊಪ್ಪು.
ಯಾರ ಎದೆಯೋ, ಅವರ ಉಗುರು.’

ಈಗ ನನ್ನ ತಟ್ಟೆಗಳಲ್ಲಿ ಕಿತ್ತಳೆ ಚುಕ್ಕೆ ಏರುತ್ತದೆ.
ಅದಕ್ಕೊಂದು ಉದ್ದದ ಹೆಸರಿದೆ, ಅಣುತೂಕವಿದೆ,
ಪ್ರಬಂಧದ ತುಂಬ ಮಿಲಿಗ್ರಾಮು.
ಹುಡುಗ ಏನಾದನೋ ತಿಳಿಯದು,
ಲಾರಿ ಹೊಸಪೇಟೆ ಕಡೆಗೆ ಇಳಿದುಹೋಯಿತು.
ಆ ಹಳೆಯ ಚೀಟಿ ಇನ್ನೂ ಇದೆ.
ಖಾಲಿ ಬಿಟ್ಟಿದ್ದ ಜಾಗದಲ್ಲಿ
ಪೆನ್ಸಿಲ್ಲಿನ ಪುಟ್ಟ ಕಮಾನು, ಉಗುರಿನಷ್ಟು,
ಒಂದು ಬದಿ ಸೊಟ್ಟ:
ಬರೆಯುವಾಗ ಕೈ ಎಳೆದುಕೊಂಡಿದ್ದ.