ಹೆಬ್ಬೆರಳಿನ ನಿಯಮ

ಟ್ರಿಯೆಸ್ಟೆಯ ಬಂದರು ಕಚೇರಿ, ಮೂರನೇ ಮಹಡಿ.
ಬೋರಾ ಗಾಳಿ ಕಿಟಕಿಯ ಚೌಕಟ್ಟು ಹಿಡಿದು ಅಲ್ಲಾಡಿಸುತ್ತಿದೆ,
ಬಾಕಿ ಬಾಡಿಗೆ ಕೇಳಲು ಬಂದವನ ಹಾಗೆ.
ನೆವೆಂಕಾ ಜೆರ್ಯಾಲ್ ಒಬ್ಬಳೇ. ರಾತ್ರಿ ಎರಡು.
ನಾವಿಕರ ಪಿಂಚಣಿ ದಫ್ತರವನ್ನೆಲ್ಲ
ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ
ಬೆಳಕು ಹರಿಯುವುದರೊಳಗೆ ದಾಟಿಸಬೇಕು.

ಹಳೆಯದರಲ್ಲಿ ಎರಡು ನಿಂತ ಗೆರೆ ಎಂದರೆ ಗಂಟು:
ಹೆಸರಿಗೆ ಮನೆತನ ಬಿಗಿಯುವುದು.
ಹೊಸದಕ್ಕೆ ಅದೇ ಎರಡು ಗೆರೆ ಎಂದರೆ ‘ಅಥವಾ’.
ಲಿವಿಯೋ ಅಥವಾ ಕೊಸ್ಸುಟ್ಟಾ?
ಯಂತ್ರ ಯೋಚಿಸಿ ಬರೆಯಿತು: ಸೊನ್ನೆ.
ನಾಲ್ಕು ಸಾವಿರದ ನೂರಾ ಹನ್ನೆರಡು ಜನ
ಸಾಲಾಗಿ ಸೊನ್ನೆ, ಸೊನ್ನೆ, ಸೊನ್ನೆ,
ಹಡಗಿನ ಪಕ್ಕೆಯ ದುಂಡು ಕಿಟಕಿಗಳು.
ನಕ್ಕುಬಿಟ್ಟಳು.

ಜಿನೀವಾದ ಪ್ರಮಾಣಗ್ರಂಥ ಕಪಾಟಿನಲ್ಲೇ ಇದೆ,
ದುಡ್ಡು ಕೊಟ್ಟು ತರಿಸಿದ್ದು; ಪುಟಗಳಿನ್ನೂ ಅಂಟಿಕೊಂಡಿವೆ.
‘ಮೊದಲ ಹತ್ತು ಸಾಲು ಕೊಡು’ ಎನ್ನಲು
ಒಬ್ಬ ಮಾತಿನ ತಲೆಗೇ ‘ಟಾಪ್’ ಇಡುತ್ತಾನೆ,
ಇನ್ನೊಬ್ಬ ಬಾಲಕ್ಕೆ ‘ಲಿಮಿಟ್’ ಕಟ್ಟುತ್ತಾನೆ.
ಊರಿಗೊಂದು ದಾರಿಯಾದರೆ ಕಂಪನಿಗೊಂದು.
ಇರಲಿ, ಈ ಊರೇನು ಕಡಿಮೆ?
ಶಾಲೆಯ ಇಟಾಲಿಯನ್ ಮೀನಂಗಡಿಯಲ್ಲಿ ನಡೆಯುವುದಿಲ್ಲ.
ಅವಳಜ್ಜಿ ಎಣಿಸುತ್ತಿದ್ದದ್ದು ಸ್ಲೊವೇನಿಯನ್ನಿನಲ್ಲಿ,
ಬೈಯುತ್ತಿದ್ದದ್ದು ಜರ್ಮನ್ನಿನಲ್ಲಿ.

ಆಮೇಲೆ ಸಿಕ್ಕಿತು ‘ಸತ್ತ ದಿನ’ ಎಂಬ ಕಾಲಂ.
ಹಳೆಯದಕ್ಕೆ ‘ಖಾಲಿ’, ‘ಗೊತ್ತಿಲ್ಲ’ ಎರಡೂ ಒಂದೇ.
ಹೊಸದು ಪಟ್ಟು ಹಿಡಿದು ಕೇಳುತ್ತದೆ: ಯಾವುದು?
ಆದರೆ ಅರವತ್ತೊಂದು ಸಾಲುಗಳಲ್ಲಿ
ಖಾಲಿಯೂ ಅಲ್ಲ, ಗೊತ್ತಿಲ್ಲವೂ ಅಲ್ಲ:
ಒಂದೇ ಒಂದು ಸ್ಪೇಸ್.

ನಿವೃತ್ತ ಗುಮಾಸ್ತ ಒಟ್ಟಾವಿಯೋ ಪ್ರೆಗಾರ್ಟ್ಸ್
ಐದನೇ ರಿಂಗಿಗೆ ಫೋನೆತ್ತಿದ; ನಿದ್ದೆ ಬಿಟ್ಟ ವಯಸ್ಸು.
‘ಹಡಗು ಹೋಯ್ತು, ಹೆಣ ಬರಲಿಲ್ಲ.
ಕೌಂಟರಿಗೆ ಬಂದು ಹೆಂಗಸರು ಹೇಳೋರು:
ಸತ್ತ ಅಂತ ಮಾತ್ರ ಬರೀಬೇಡಿ.
ಏನೂ ತುಂಬದಿದ್ದರೆ ಯಂತ್ರ ಪಿಂಚಣಿ ತಡೀತಿತ್ತು.
ಸ್ಪೇಸ್ ಒತ್ತಿದೆ. ಅದು ಒಪ್ಪಿಕೊಳ್ತು.’
‘ಈ ನಿಯಮ ಎಲ್ಲಿ ಬರೆದಿದೆ?’
‘ಹೆಬ್ಬೆರಳಲ್ಲಿ’ ಎಂದ. ಕೆಮ್ಮಿದ.
ಮೀನಿನ ಬೆಲೆ ಮಾತಾಡಿ ಫೋನಿಟ್ಟ.

ಕಂಪನಿ ಕಳಿಸಿದ ಸ್ಕ್ರಿಪ್ಟಿನಲ್ಲಿ
ಅಂಚು ಸವರುವ ಒಂದು ಸಾಲಿತ್ತು:
ಹಿಂದೆ ಮುಂದೆ ಬಿದ್ದ ಸ್ಪೇಸನ್ನೆಲ್ಲ ಗುಡಿಸುವುದು.
ಅದನ್ನು ಅಳಿಸಿದಳು.
ಕಾರಣ ಬರೆಯಲು ಕೈ ಹೋಯಿತು, ನಿಂತಿತು.

ಐದೂವರೆ. ಎಲ್ಲ ದಾಟಿದೆ.
ಹೊಸದನ್ನು ಕೇಳಿದಳು: ಇದೂ ಖಾಲಿಯೂ ಒಂದೇನಾ?
ಒಂದೇ, ಎಂದಿತು.
ಹಾಗಾದರೆ ಉದ್ದ ಅಳೆ, ಎಂದಳು.
ಅಳೆಯಿತು. ಅರವತ್ತೊಂದು ಸಾಲಿಗೂ
ಒಂದು, ಒಂದು, ಒಂದು.